132 ಪಂದ್ಯ, 198 ರನ್: ಬಿಲ್ಲಿ ಹ್ಯಾಮಿಲ್ಟನ್ ಹೆಸರು ಯಾಕೆ ಯಾರ ಬಾಯಲ್ಲೂ ಇಲ್ಲ?

ಪೆನ್ಸಿಲ್_ಸ್ಕೋರರ್

ಎಲ್ಲರಿಗೂ ನಮಸ್ಕಾರ. ಊರು ಮೈಸೂರು, ಈಗ ಇರೋದು ಫಿಲಡೆಲ್ಫಿಯಾ ಹತ್ತಿರ. ಮಗಳು ಆಡೋ ಮಕ್ಕಳ ಬೇಸ್‌ಬಾಲ್ ಟೀಮಿಗೆ ಎರಡು ವರ್ಷದಿಂದ ಸ್ಕೋರ್ ಬರೆಯೋ ಕೆಲಸ ನನ್ನದು. ಹುಡುಗನಾಗಿದ್ದಾಗ ಮೈದಾನದಲ್ಲಿ ಚಾಪೆ ಪಿಚ್ ಪಕ್ಕ ಕೂತು ಕ್ರಿಕೆಟ್ ಸ್ಕೋರ್ ಬರೀತಿದ್ದೆ, ಹಾಗಾಗಿ ಯಾರೋ ಪುಸ್ತಕ ಕೈಗಿಟ್ಟ ಕೂಡಲೇ ಒಪ್ಪಿಕೊಂಡುಬಿಟ್ಟೆ.

ಈ ಪುಸ್ತಕ ನೋಡದೇ ಇರೋರಿಗೆ ಹೇಳ್ತೀನಿ. ಪುಟದ ತುಂಬ ಸಣ್ಣ ಸಣ್ಣ ಚೌಕ, ಒಂದೊಂದರೊಳಗೂ ತಿಳಿಯಾಗಿ ಅಚ್ಚಾದ ಒಂದು ವಜ್ರದ ಆಕಾರ. ಅದರ ನಾಲ್ಕು ಮೂಲೆ ಅಂದ್ರೆ ಓಡಿ ಮುಟ್ಟಬೇಕಾದ ನಾಲ್ಕು ಬೇಸ್. ಹುಡುಗಿ ಮೊದಲ ಬೇಸ್ ಮುಟ್ಟಿದಳು ಅಂದ್ರೆ ಬಲಗಡೆ ಕೆಳಗಿನ ಗೆರೆ ತಿದ್ದಬೇಕು. ಎರಡನೇದು ಮುಟ್ಟಿದಳು, ಇನ್ನೊಂದು ಗೆರೆ. ಸುತ್ತು ಮುಗಿಸಿ ಹೋಮ್ ಪ್ಲೇಟ್ (ಬ್ಯಾಟ್ ಹಿಡಿದು ನಿಂತಿದ್ದ ಜಾಗ) ಮುಟ್ಟಿದಳೋ, ವಜ್ರಾನ ಪೂರ್ತಿ ಕಪ್ಪು ಮಾಡಬೇಕು. ಅದು ಒಂದು ರನ್. ಪಂದ್ಯ ಮುಗಿದ ಮೇಲೆ ಮಕ್ಕಳು ಓಡಿಬಂದು ಪುಸ್ತಕ ಇಣುಕಿ ನೋಡೋದು ತಮ್ಮ ಸಾಲಲ್ಲಿ ಎಷ್ಟು ಕಪ್ಪು ವಜ್ರ ಇದೆ ಅನ್ನೋದನ್ನೇ.

ಅಲ್ಲಿಂದ ಶುರುವಾಗಿದ್ದು ನನ್ನ ಹುಡುಕಾಟ. ಒಂದು ಸೀಸನ್ನಲ್ಲಿ ಅತಿ ಹೆಚ್ಚು ರನ್ ಗಳಿಸಿದವನು ಬಿಲ್ಲಿ ಹ್ಯಾಮಿಲ್ಟನ್. 1894, ಫಿಲಡೆಲ್ಫಿಯಾ ಫಿಲೀಸ್, 132 ಪಂದ್ಯದಲ್ಲಿ 198. ನೂರಮೂವತ್ತು ವರ್ಷ ದಾಟಿದರೂ ಆ ಹತ್ತಿರಕ್ಕೇ ಯಾರೂ ಹೋಗಿಲ್ಲ. ಬೇಬ್ ರೂತ್ 1921ರಲ್ಲಿ 177. 2023ರಲ್ಲಿ ರೊನಾಲ್ಡ್ ಅಕೂನ್ಯ ಭಾರಿ ಸೀಸನ್ ಆಡಿ 149. ಆದರೂ ಇಲ್ಲಿ ನನ್ನ ಪಕ್ಕ ಕೂರೋ ಅಪ್ಪಂದಿರನ್ನ ಕೇಳಿದ್ರೆ, ಇದೇ ಊರಿನ ತಂಡದವನು, ಹೆಸರೇ ಕೇಳಿಲ್ಲ ಅಂತಾರೆ. ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ದಾಖಲೆ ಯಾರದ್ದು ಅಂದ್ರೆ ಮಾತ್ರ ನಿದ್ದೆಗಣ್ಣಲ್ಲೂ ಹೇಳ್ತಾರೆ.

ಆಟ ಗೆಲ್ಲೋದೇ ರನ್ನಿಂದ. ಹಾಗಿದ್ದ ಮೇಲೆ ರನ್ ಗಳಿಸಿದವನಿಗೆ ಯಾಕೆ ಇಷ್ಟು ಕಡಿಮೆ ಮರ್ಯಾದೆ? ಆ ಕಾಲದಲ್ಲಿ ಇನ್ನು ಯಾರ್‍ಯಾರಿದ್ದರು? ಗೊತ್ತಿರೋರು ಬರೀರಿ.

ಹುಬ್ಬಳ್ಳಿ_ಹೈದ

ಒಂದ್ ಸಣ್ಣ ಅನುಮಾನ ರೀ. ನಮ್ ಕಡೆ ರನ್ ಅಂದ್ರ ಹೊಡದವನ ಲೆಕ್ಕ. ಇಲ್ಲಿ ಹೊಡದವಂದೋ, ಓಡಿದವಂದೋ?

ಪೆನ್ಸಿಲ್_ಸ್ಕೋರರ್

ಓಡಿ ಮನೆ ಸೇರಿದವನದು. ನಾನು ಮೂರನೇ ಬೇಸಲ್ಲಿ ನಿಂತಿರ್ತೀನಿ, ನೀವು ಹೊಡೀತೀರಿ, ನಾನು ಓಡಿಬಂದು ಹೋಮ್ ಪ್ಲೇಟ್ ಮುಟ್ತೀನಿ. ರನ್ ನನ್ನ ಹೆಸರಿಗೆ. ನಿಮ್ಮ ಹೆಸರಿಗೆ ಆರ್‌ಬಿಐ, ಅಂದ್ರೆ ಇನ್ನೊಬ್ಬನನ್ನ ಮನೆ ಸೇರಿಸಿದ ಲೆಕ್ಕ. ಹೋಮ್ ರನ್ ಹೊಡೆದರೆ ಎರಡೂ ನಿಮ್ಮದೇ.

ಹುಬ್ಬಳ್ಳಿ_ಹೈದ

ಹಂಗಂದ್ರ ನಿಮ್ ಪ್ರಶ್ನೆಗೆ ಉತ್ತರ ಅಲ್ಲೇ ಐತಲ್ರಿ. ಹೊಡದವ ಬ್ಯಾರೆ, ಹೆಸರು ಬ್ಯಾರೆಯವಂದು. ಹ್ಯಾಮಿಲ್ಟನ್ ಹಿಂದ ಆಡವ್ರು ಚೊಲೊ ಇದ್ರು, ಇವಂಗ 198 ಬಂತು. ಇದ್ರಾಗ ಇವನ ಪಾಲು ಎಷ್ಟು?

ಲೆಕ್ಕದ_ಮೇಷ್ಟ್ರು

ಹುಬ್ಬಳ್ಳಿಯವರ ಪ್ರಶ್ನೆ ನ್ಯಾಯವಾದದ್ದೇ, ಆದರೆ ಅರ್ಧಕ್ಕೇ ನಿಲ್ಲಿಸಿದ್ದೀರಿ. ಲೆಕ್ಕ ಹಾಕೋಣ.

1894ರಲ್ಲಿ ಹ್ಯಾಮಿಲ್ಟನ್ 225 ಹಿಟ್ (ಚೆಂಡು ಹೊಡೆದು ಬೇಸ್ ಸೇರಿದ್ದು), 128 ವಾಕ್ (ಪಿಚರ್, ಅಂದರೆ ಚೆಂಡು ಎಸೆಯುವವನು, ನಾಲ್ಕು ಕೆಟ್ಟ ಚೆಂಡು ಹಾಕಿದ್ದಕ್ಕೆ ಸಿಕ್ಕ ಬೇಸ್). ಎರಡೂ ಸೇರಿ 353 ಸಲ ಬೇಸ್ ಮುಟ್ಟಿದ್ದಾನೆ. ಅವನ ಆನ್-ಬೇಸ್ ಸರಾಸರಿ .521, ಅಂದರೆ ಬ್ಯಾಟ್ ಹಿಡಿದು ನಿಂತಾಗಲೆಲ್ಲ ಅರ್ಧಕ್ಕಿಂತ ಹೆಚ್ಚು ಸಲ ಔಟಾಗದೆ ಬೇಸ್ ಸೇರಿದ. ಇದನ್ನ ಹಿಂದೆ ಆಡುವವರು ಯಾರೂ ಅವನಿಗೆ ಮಾಡಿಕೊಡಲಿಲ್ಲ. ಆ ವರ್ಷ ಅವನು ಹೊಡೆದ ಹೋಮ್ ರನ್ ಬರೀ 4. ಹಾಗಾಗಿ 194 ಸಲ ಕಾಲಿನ ಮೇಲೇ ಮನೆ ಸೇರಿದ್ದಾನೆ. ಆಗಸ್ಟ್ 31ರಂದು ಒಂದೇ ಪಂದ್ಯದಲ್ಲಿ 7 ಬೇಸ್ ಕದ್ದ, ಅಂದರೆ ಯಾರೂ ಹೊಡೆಯದೆಯೇ ಮುಂದಿನ ಬೇಸಿಗೆ ಓಡಿದ. ಜುಲೈಯಿಂದ ಆಗಸ್ಟ್ ಮೊದಲ ದಿನಗಳವರೆಗೆ ಸತತ 24 ಪಂದ್ಯಗಳಲ್ಲಿ ಒಂದಾದರೂ ರನ್ ಗಳಿಸಿದ.

ಈಗ ಇನ್ನೊಂದು ಪಕ್ಕ. ಆ ವರ್ಷದ ಫಿಲೀಸ್ ಔಟ್‌ಫೀಲ್ಡರುಗಳು ಹ್ಯಾಮಿಲ್ಟನ್, ಎಡ್ ಡೆಲಹಾಂಟಿ, ಸ್ಯಾಮ್ ಥಾಂಪ್ಸನ್. ಮೂವರ ಬ್ಯಾಟಿಂಗ್ ಸರಾಸರಿಯೂ .400 ದಾಟಿತ್ತು, ಅಂದರೆ ಹತ್ತರಲ್ಲಿ ನಾಲ್ಕು ಸಲ ಹಿಟ್. ಬದಲಿಗೆ ಬರುತ್ತಿದ್ದ ಟಕ್ ಟರ್ನರ್ ಕೂಡ .400 ಮೇಲೆ! ಅಂಥವರು ಹಿಂದೆ ನಿಂತಿದ್ದರೆ ಮೊದಲ ಬೇಸಲ್ಲಿ ನಿಂತವನು ಮನೆ ಸೇರದೆ ಇರೋದೇ ಕಷ್ಟ. ಅಷ್ಟಾದರೂ ತಂಡ ಬಂದದ್ದು ನಾಲ್ಕನೇ ಸ್ಥಾನ, ಯಾಕಂದರೆ ಎದುರಾಳಿಗಳೂ ಹಾಗೇ ಹೊಡೀತಿದ್ದರು.

ನನ್ನ ತೀರ್ಮಾನ: ಬೇಸ್ ಮುಟ್ಟಿದ್ದು ಅವನ ಪಾಲು, ಮನೆ ಸೇರಿಸಿದ್ದು ಅರ್ಧ ಅವನ ಕಾಲು, ಅರ್ಧ ಡೆಲಹಾಂಟಿ.

ಕರಾವಳಿ_ಕೀಪರ್

ಮೇಷ್ಟ್ರೇ, ಆ ವರ್ಷದ್ದೇ ಒಂದು ವಿಶೇಷ ಉಂಟು ಮಾರಾಯ್ರೆ, ಅದನ್ನು ಬಿಟ್ಟಿರಿ. 1893ರಲ್ಲಿ ಪಿಚರನ್ನು ಹಿಂದಕ್ಕೆ ತಳ್ಳಿದರು. ಅದುವರೆಗೆ 50 ಅಡಿ ದೂರದ ಗೆರೆಯ ಹಿಂದೆ ಒಂದು ಚೌಕ ಇತ್ತು, ಪಿಚರ್ ಅದರೊಳಗಿನಿಂದ ಎಸೆಯುತ್ತಿದ್ದ. ಈಗ 60 ಅಡಿ 6 ಇಂಚು, ಅಲ್ಲಿ ನೆಟ್ಟ ಪಟ್ಟಿಯ ಮೇಲೆ ಕಾಲಿಟ್ಟೇ ಎಸೆಯಬೇಕು. ಪಿಚರುಗಳ ಕೈ ಇದಕ್ಕೆ ಒಗ್ಗಲಿಕ್ಕೆ ಎರಡು ಮೂರು ವರ್ಷ ಹಿಡಿಯಿತು. 1894ರಲ್ಲಿ ಇಡೀ ನ್ಯಾಷನಲ್ ಲೀಗಿನಲ್ಲಿ ಒಂದು ತಂಡಕ್ಕೆ ಪಂದ್ಯಕ್ಕೆ ಸರಾಸರಿ 7.38 ರನ್! ಈಗಿನ ಕಾಲದಲ್ಲಿ ಐದು ಬಂದರೆ ಹೆಚ್ಚು.

ಆದ್ದರಿಂದ 198ನ್ನು ನೋಡುವಾಗ ಆ ವರ್ಷವನ್ನೂ ನೋಡಬೇಕು. ವಿಲ್ಲಿ ಕೀಲರ್, ಜೋ ಕೆಲ್ಲಿ ಇಬ್ಬರೂ ಅದೇ ವರ್ಷ ಬಾಲ್ಟಿಮೋರಿಗೆ 165 ಗಳಿಸಿದವರು.

ಪೆನ್ಸಿಲ್_ಸ್ಕೋರರ್

ಒಪ್ಪಿದೆ. ಆದರೂ ಎಲ್ಲರಿಗೂ ಅದೇ ಪಿಚರ್, ಅದೇ ದೂರ. ಎರಡನೇ ಸ್ಥಾನದವರಿಗಿಂತ 33 ಮುಂದೆ ಇದ್ದಾನಲ್ಲ ನಮ್ಮವನು.

ಜಯನಗರ_ಎಡಗೈ

198 ಅಂತ ಎಲ್ಲರೂ ಬರೀತಿದ್ದೀರಿ. ನಮ್ಮ ಚಿಕ್ಕಪ್ಪ ಅಮೆರಿಕದಿಂದ ತಂದಿದ್ದ ಹಳೇ ದಾಖಲೆ ಪುಸ್ತಕದಲ್ಲಿ 192 ಅಂತ ಓದಿದ್ದು ಚೆನ್ನಾಗಿ ನೆನಪಿದೆ. ಯಾವುದು ಸರಿ?

ಲೆಕ್ಕದ_ಮೇಷ್ಟ್ರು

ನಿಮ್ಮ ನೆನಪು ಸರಿ. ಹಳೆಯ ಪುಸ್ತಕಗಳಲ್ಲಿ 192 ಇತ್ತು. ಆಮೇಲೆ ಹಳೆಯ ಪತ್ರಿಕೆಗಳಲ್ಲಿನ ಪಂದ್ಯದ ಪಟ್ಟಿಗಳನ್ನ ಒಂದೊಂದಾಗಿ ಕೂಡಿ ನೋಡಿದವರಿಂದ ಅಂಕಿ ಬದಲಾಯಿತು, ಈಗ ಚಲಾವಣೆಯಲ್ಲಿರೋದು 198. 19ನೇ ಶತಮಾನದ ಅಂಕಿ ಎಲ್ಲವೂ ಹೀಗೇ. ಹ್ಯಾಮಿಲ್ಟನ್ ಕದ್ದ ಬೇಸ್‌ಗಳೂ ಒಂದು ಕಡೆ 912, ಇನ್ನೊಂದು ಕಡೆ 914. ಯಾವ ಅಂಕಿ ಹಿಡಿದರೂ ರನ್ನಿನಲ್ಲಿ ಮೊದಲ ಸ್ಥಾನ ಬದಲಾಗೋದಿಲ್ಲ.

ಕದ್ದ ಬೇಸ್ ವಿಚಾರದಲ್ಲಿ ಒಂದು ತಿದ್ದುಪಡಿ. 1898ಕ್ಕೆ ಮುಂಚೆ, ಜೊತೆಗಾರ ಹೊಡೆದಾಗ ಸಾಮಾನ್ಯಕ್ಕಿಂತ ಒಂದು ಬೇಸ್ ಹೆಚ್ಚು ಓಡಿದರೆ ಅದನ್ನೂ ಕದ್ದ ಬೇಸ್ ಅಂತಲೇ ಬರೀತಿದ್ದರು. ಹಾಗಾಗಿ ಆ ಅಂಕಿಯನ್ನ ಈಚಿನ ಕಾಲದ ಬೇಸ್ ಕದಿಯೋ ದಾಖಲೆಗಾರ ರಿಕಿ ಹೆಂಡರ್ಸನ್ ಅಂಕಿಯ ಪಕ್ಕ ಇಟ್ಟು ತೂಗಬೇಡಿ.

ಸಿನ್ಸಿನಾಟಿ_ಸೊಸೆ

ಹ್ಯಾಮಿಲ್ಟನ್ ಹತ್ತಿರವೇ ಸುತ್ತುತ್ತಾ ಇದ್ದೀರಲ್ಲ, ಕಥೆ ಶುರುವಾಗೋದು ಅವನಿಗಿಂತ 25 ವರ್ಷ ಹಿಂದೆ, ನಾನಿರೋ ಊರಲ್ಲಿ!

1869ರ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್. ಎಲ್ಲ ಆಟಗಾರರಿಗೂ ಬಹಿರಂಗವಾಗಿ ಸಂಬಳ ಕೊಟ್ಟ ಮೊದಲ ತಂಡ. ಅದರ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲೋ ಫೀಲ್ಡರ್) ಜಾರ್ಜ್ ರೈಟ್‌ಗೆ ಸೀಸನ್ನಿಗೆ 1400 ಡಾಲರ್, ನಾಯಕನಾಗಿದ್ದ ಅಣ್ಣ ಹ್ಯಾರಿ ರೈಟ್‌ಗೆ 1200. ತಮ್ಮನಿಗೆ ಅಣ್ಣನಿಗಿಂತ ಹೆಚ್ಚು! ಆ ವರ್ಷ ಹೊಸದಾಗಿ ಮುಗಿದಿದ್ದ ರೈಲು ದಾರಿ ಹಿಡಿದು ಸ್ಯಾನ್ ಫ್ರಾನ್ಸಿಸ್ಕೋವರೆಗೂ ಹೋಗಿ ಆಡಿ ಬಂದರು. 57 ಪಂದ್ಯ, 57 ಗೆಲುವು. ಜಾರ್ಜ್ ರೈಟ್ ಒಬ್ಬನೇ ಗಳಿಸಿದ ರನ್ 339.

ಹೌದು, ಮುನ್ನೂರ ಮೂವತ್ತೊಂಬತ್ತು. ಪಂದ್ಯಕ್ಕೆ ಹತ್ತಿರ ಹತ್ತಿರ ಆರು.

ಅವರು ಆಡುತ್ತಿದ್ದ ಯೂನಿಯನ್ ಗ್ರೌಂಡ್ಸ್ ಈಗಿಲ್ಲ. ಆ ಕಡೆ ಈಗ ಯೂನಿಯನ್ ಟರ್ಮಿನಲ್ ರೈಲು ನಿಲ್ದಾಣ, ಒಳಗೆ ಮ್ಯೂಸಿಯಂ. ಊರಿಂದ ಅತ್ತೆ ಮಾವ ಬಂದಾಗ ಕರ್ಕೊಂಡು ಹೋಗಿದ್ದೆ. ಕ್ರಿಕೆಟ್ ಅಂದ್ರೆ ಪ್ರಾಣ ಬಿಡೋ ಮಾವನವರು ಇಡೀ ಕಥೆ ಕೇಳಿಸಿಕೊಂಡು, "ಹಾಗಾದ್ರೆ ಇದು ಇವರ ಲಾರ್ಡ್ಸ್ ಅನ್ನು" ಅಂದ್ರು.

ಜಯನಗರ_ಎಡಗೈ

339 ಲೆಕ್ಕಕ್ಕೆ ಬರಲ್ಲ ಮೇಡಂ. ಎದುರಿಗೆ ಅರ್ಧಕ್ಕರ್ಧ ಊರ ಹವ್ಯಾಸಿ ತಂಡಗಳು. ರಣಜಿ ಟೀಮು ಶಾಲೆ ಮಕ್ಕಳ ಜೊತೆ ಆಡಿದ ಹಾಗೆ.

ಸಿನ್ಸಿನಾಟಿ_ಸೊಸೆ

ದಾಖಲೆ ಅಂತ ನಾನೆಲ್ಲಿ ಅಂದೆ? ಆ ಕಾಲದ ಜನ ಒಬ್ಬ ಆಟಗಾರನನ್ನ ಯಾವುದರಿಂದ ಅಳೀತಿದ್ದರು ಅಂತ ಹೇಳೋಕೆ ಬರೆದೆ. ರನ್ನಿಂದಲೇ ಅಳೀತಿದ್ದರು. ಬಲವಾದ ತಂಡಗಳ ಎದುರೂ ಅವನು ಅಷ್ಟೇ ಚೆನ್ನಾಗಿ ಆಡಿದವನು. 1870ರ ಜೂನ್ 14ರಂದು ಬ್ರೂಕ್ಲಿನ್ ಅಟ್ಲಾಂಟಿಕ್ಸ್ 11 ಇನ್ನಿಂಗ್ಸ್ ಆಡಿ 8-7ರಿಂದ ಮುರಿಯೋವರೆಗೂ ಈ ತಂಡವನ್ನ ಯಾರೂ ಅಲ್ಲಾಡಿಸೋಕೆ ಆಗಿರಲಿಲ್ಲ.

ಕರಾವಳಿ_ಕೀಪರ್

ರೈಟ್ ಸಹೋದರರ ತಂದೆ ಸ್ಯಾಮ್ ರೈಟ್ ಕ್ರಿಕೆಟಿನವರು, ಗೊತ್ತುಂಟಾ? ನ್ಯೂಯಾರ್ಕಿನ ಸೇಂಟ್ ಜಾರ್ಜ್ ಕ್ರಿಕೆಟ್ ಕ್ಲಬ್ಬಿನ ಸಂಬಳದ ಆಟಗಾರ. ಹ್ಯಾರಿ ಹುಟ್ಟಿದ್ದೇ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ. ಅಣ್ಣ ತಮ್ಮ ಇಬ್ಬರೂ ಮೊದಲು ಹಿಡಿದದ್ದು ಕ್ರಿಕೆಟ್ ಬ್ಯಾಟು. 1874ರಲ್ಲಿ ಬೋಸ್ಟನ್ ಮತ್ತು ಫಿಲಡೆಲ್ಫಿಯಾ ತಂಡಗಳನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋದಾಗ ಬೇಸ್‌ಬಾಲ್ ತೋರಿಸಿದ್ದಲ್ಲದೆ ಅಲ್ಲಿಯವರ ಜೊತೆ ಕ್ರಿಕೆಟನ್ನೂ ಆಡಿದರು. ಇವರ ಕಡೆ ಹನ್ನೊಂದಕ್ಕಿಂತ ಹೆಚ್ಚು ಜನ, ಆದರೂ ಒಂದೂ ಸೋಲಲಿಲ್ಲ.

ಅಂಕಿ_ಪ್ರೇಮಿ

ಎರಡು ದಿನದಿಂದ ಓದುತ್ತಿದ್ದೆ, ಈಗ ಬಾಯಿ ಬಿಡಲೇಬೇಕು. ಪೆನ್ಸಿಲ್ ಅವರ ಮೂಲ ಪ್ರಶ್ನೆ "ಯಾಕೆ ಮರ್ಯಾದೆ ಇಲ್ಲ" ಅನ್ನೋದು. ಅದಕ್ಕೆ ಉತ್ತರ ಒಬ್ಬ ಮನುಷ್ಯನ ಹತ್ತಿರ ಇದೆ: ಹೆನ್ರಿ ಚಾಡ್ವಿಕ್.

ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ 1824ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಬ್ರೂಕ್ಲಿನ್ನಿಗೆ ಬಂದವರು. ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೀತಿದ್ದರು. 1856ರಲ್ಲಿ ಹೋಬೋಕನ್ನಿನ ಎಲಿಸಿಯನ್ ಫೀಲ್ಡ್ಸಲ್ಲಿ ಒಂದು ಬೇಸ್‌ಬಾಲ್ ಪಂದ್ಯ ನೋಡಿದ್ದೇ ತಡ, ಅದಕ್ಕೇ ಅಂಟಿಕೊಂಡುಬಿಟ್ಟರು. ಕ್ರಿಕೆಟ್ ಸ್ಕೋರ್ ಪಟ್ಟಿಯ ಅಭ್ಯಾಸವನ್ನ ಹೊಸ ಆಟಕ್ಕೆ ತಂದವರು ಇವರೇ. ಆಗಿನ ಪಟ್ಟಿಯಲ್ಲಿ ಬ್ಯಾಟ್ಸ್‌ಮನ್ ಹೆಸರಿನ ಮುಂದೆ ಇರುತ್ತಿದ್ದದ್ದು ಎರಡೇ ಅಂಕಿ: ಎಷ್ಟು ಸಲ ಔಟಾದ, ಎಷ್ಟು ರನ್ ಗಳಿಸಿದ. ಅಷ್ಟೇ! ಹಿಟ್ ಎಷ್ಟು ಅಂತ ಯಾರೂ ಕೇಳುತ್ತಿರಲಿಲ್ಲ. ವರ್ಷದ ಕೊನೆಗೆ ಪಂದ್ಯಕ್ಕೆ ಸರಾಸರಿ ಎಷ್ಟು ರನ್ ಅಂತ ಬರೆಯೋದು, ಭಿನ್ನರಾಶಿ ಬದಲು ಉಳಿಕೆಯನ್ನ ಪಕ್ಕದಲ್ಲಿ ಇಡೋದು. 7 ಪಂದ್ಯದಲ್ಲಿ 25 ರನ್ ಆದರೆ "3, ಉಳಿಕೆ 4".

ಹಾಗಾಗಿ ಶುರುವಿನಲ್ಲಿ ರನ್ ಗಳಿಸಿದವನೇ ರಾಜ. ಆಮೇಲೆ ಚಾಡ್ವಿಕ್ಕರಿಗೇ ಹುಬ್ಬಳ್ಳಿಯವರ ಅನುಮಾನ ಬಂತು. ಎದುರಾಳಿ ಚೆಂಡು ಬಿಟ್ಟದ್ದರಿಂದ, ಹಿಂದೆ ಬಂದವನು ಹೊಡೆದದ್ದರಿಂದ ರನ್ ಬರುತ್ತೆ, ಆದ್ದರಿಂದ ಬ್ಯಾಟ್ಸ್‌ಮನ್ನನ ಯೋಗ್ಯತೆ ತಿಳಿಯೋಕೆ ಹಿಟ್ ಎಣಿಸಬೇಕು ಅಂತ 1860ರ ದಶಕದ ಕೊನೆಗೆ ಹೇಳತೊಡಗಿದರು. 1870ರ ದಶಕದಲ್ಲಿ ಬ್ಯಾಟಿಂಗ್ ಸರಾಸರಿ ಅನ್ನೋದು ಗಟ್ಟಿಯಾಗಿ ಕೂತಿತು. ವಾಕ್ ಅಂದ್ರೆ ಪಿಚರನ ತಪ್ಪು, ಬ್ಯಾಟ್ಸ್‌ಮನ್ನನ ಗುಣ ಅಲ್ಲ ಅಂತ ಅವರ ಮತ. ಅದೂ ಹಾಗೇ ಉಳಿದುಬಿಟ್ಟಿತು.

ಈಗ ಹ್ಯಾಮಿಲ್ಟನ್ನನ್ನ ನೋಡಿ. ಅವನ ಆಟವೇ ವಾಕ್ ತಗೊಳ್ಳೋದು, ಬೇಸ್ ಕದಿಯೋದು, ಮನೆ ಸೇರೋದು. ಅಳತೆಗೋಲಿಂದ ಇದನ್ನೆಲ್ಲ ಆಗಲೇ ತೆಗೆದು ಹಾಕಿದ್ದರು. ಅವನು ಹುಟ್ಟಿದ್ದು 1866ರಲ್ಲಿ. 1850ರ ದಶಕದಲ್ಲಿ ಆಡಿದ್ದರೆ ಊರೂರಲ್ಲೂ ಅವನ ಚಿತ್ರ ಇರುತ್ತಿತ್ತು ಅನ್ನೋದು ನನ್ನ ನಂಬಿಕೆ.

ಪೆನ್ಸಿಲ್_ಸ್ಕೋರರ್

ಇದು! ಇದಕ್ಕೇ ಕಾಯ್ತಿದ್ದೆ ನಾನು. ಔಟು, ರನ್ನು, ಎರಡೇ ಕಲಂ. ಮೈಸೂರಲ್ಲಿ ನಾನು ಬರೀತಿದ್ದ ಪುಟವೂ ಹೆಚ್ಚೂ ಕಡಿಮೆ ಅದೇ ಅಲ್ವಾ.

ಹುಬ್ಬಳ್ಳಿ_ಹೈದ

ಚಾಡ್ವಿಕ್ ಸಾಹೇಬ್ರು ನನ್ ಕಡೆ ಅದಾರ ಅಂತ ಗೊತ್ತಾದ್ ಮ್ಯಾಲ ಧೈರ್ಯ ಬಂತ್ ನೋಡ್ರಿ. ಆದ್ರ ವಾಕ್ ಬಗ್ಗೆ ಅವ್ರು ಹೇಳಿದ್ದು ನಂಗ ಒಪ್ಪಿಗಿ ಇಲ್ಲ. ಕೆಟ್ಟ ಬಾಲು ಬಿಡೂದೂ ಒಂದ್ ವಿದ್ಯಾನ ಅಲ್ಲೇನ್ರಿ? ನಮ್ ದ್ರಾವಿಡ್ ಬಿಟ್ಟ ಬಾಲು ಎಷ್ಟು! ಬಿಟ್ಟೂ ಬಿಟ್ಟೂ ಬೌಲರ್‌ನ ಸುಸ್ತ ಮಾಡ್ತಿದ್ದ.

ಮಲೆನಾಡಿನ_ಮಳೆ

ದ್ರಾವಿಡ್ ಹೆಸರು ಬಂದ ಮೇಲೆ ಚರ್ಚೆ ಸರಿ ದಾರಿಗೆ ಬಂತು ಅಂತ ಅರ್ಥ 🙂

ಕರಾವಳಿ_ಕೀಪರ್

ವಾಕ್ ಬೇರೆ, ಲೀವ್ ಬೇರೆ. ಇಲ್ಲಿ ನಾಲ್ಕು ಕೆಟ್ಟ ಚೆಂಡು ಬಿಟ್ಟರೆ ಬೇಸ್ ಸಿಗುತ್ತದೆ, ಅಲ್ಲಿ ಏನೂ ಸಿಗುವುದಿಲ್ಲ. ಮತ್ತೆ ನಾಲ್ಕು ಅನ್ನುವುದೂ 1889ರಿಂದ. 1879ರಲ್ಲಿ 9 ಚೆಂಡು ಬಿಡಬೇಕಿತ್ತು! ಇಳಿಸುತ್ತಾ ಇಳಿಸುತ್ತಾ ನಾಲ್ಕಕ್ಕೆ ತಂದರು. 1887ರಲ್ಲಂತೂ ವಾಕನ್ನೂ ಹಿಟ್ ಎಂದೇ ಎಣಿಸಿದರು, ಒಂದೇ ವರ್ಷ, ಆಮೇಲೆ ಬಿಟ್ಟರು. 1887ಕ್ಕಿಂತ ಮೊದಲು ಬ್ಯಾಟ್ಸ್‌ಮನ್ "ಮೇಲೆ ಹಾಕು", "ಕೆಳಗೆ ಹಾಕು" ಎಂದು ಪಿಚರಿಗೆ ಹೇಳಬಹುದಿತ್ತು, ಅವನು ಹಾಗೇ ಹಾಕಬೇಕಿತ್ತು.

ಜಯನಗರ_ಎಡಗೈ

ರಾಸ್ ಬಾರ್ನ್ಸ್ ಹೆಸರು ಇನ್ನೂ ಯಾರೂ ಎತ್ತಲಿಲ್ಲ ಅಂದ್ರೆ ನನಗೆ ಆಶ್ಚರ್ಯ. ಶುರುವಿನ ವೃತ್ತಿಪರ ಲೀಗುಗಳಲ್ಲಿ ರನ್ ಅಂದರೆ ಬಾರ್ನ್ಸ್.

ಮೊದಲ ವೃತ್ತಿಪರ ಲೀಗ್ ನ್ಯಾಷನಲ್ ಅಸೋಸಿಯೇಷನ್ ಶುರುವಾದದ್ದು 1871ರಲ್ಲಿ. ಮೇ 4ರಂದು ಫೋರ್ಟ್ ವೇನ್‌ನಲ್ಲಿ ಮೊದಲ ಪಂದ್ಯ, ಕೆಕಿಯೊಂಗಾ ತಂಡ ಕ್ಲೀವ್‌ಲ್ಯಾಂಡನ್ನ 2-0 ಸೋಲಿಸಿತು. ರನ್ ಮಳೆ ಸುರಿಯೋ ಕಾಲದಲ್ಲಿ ಎರಡೇ ರನ್ನು! ಮೊದಲನೇದು ಗಳಿಸಿದವನು ಬಿಲ್ ಲೆನನ್. ಆ ಸೀಸನ್ ಮುಗಿದಾಗ ಬೋಸ್ಟನ್ ರೆಡ್ ಸ್ಟಾಕಿಂಗ್ಸ್‌ನ ಬಾರ್ನ್ಸ್ 31 ಪಂದ್ಯದಲ್ಲಿ 66. 1873ರಲ್ಲಿ 60 ಪಂದ್ಯಕ್ಕೆ 125. 1875ರಲ್ಲಿ 115. 1876ರಲ್ಲಿ ನ್ಯಾಷನಲ್ ಲೀಗ್ ಹುಟ್ಟಿದಾಗ ಶಿಕಾಗೋಗೆ ಹೋಗಿ 66 ಪಂದ್ಯಕ್ಕೆ 126, ಸರಾಸರಿ .429. ಆ ಲೀಗಿನ ಮೊತ್ತಮೊದಲ ಹೋಮ್ ರನ್ನೂ ಅವನದೇ, ಮೇ 2ರಂದು, ಸಿನ್ಸಿನಾಟಿಯಲ್ಲಿ.

ಆರು ವರ್ಷದಲ್ಲಿ ನಾಲ್ಕು ಸಲ ಲೀಗಿಗೆ ಮೊದಲು. ಪಂದ್ಯಕ್ಕೆ ಎರಡರ ಹತ್ತಿರ. ಹ್ಯಾಮಿಲ್ಟನ್ನದು ಪಂದ್ಯಕ್ಕೆ ಒಂದೂವರೆ. ಹಾಗಾದರೆ ದೊಡ್ಡವನು ಯಾರು?

ಲೆಕ್ಕದ_ಮೇಷ್ಟ್ರು

ಎಡಗೈ ಅವರೇ, 1876ರ ಬಾರ್ನ್ಸ್ ಅಂಕಿಯನ್ನ ಹ್ಯಾಮಿಲ್ಟನ್ನದರ ಹಾಗೇ ಬಿಡಿಸಿ ನೋಡಿ. 138 ಹಿಟ್, 20 ವಾಕ್, ಒಟ್ಟು 158. ಅದರಲ್ಲಿ ರನ್ 126. ನೂರಕ್ಕೆ ಎಂಬತ್ತು! ಹ್ಯಾಮಿಲ್ಟನ್ನದು ನೂರಕ್ಕೆ ಐವತ್ತಾರು. ಬೇಸ್ ಮುಟ್ಟಿದವನು ನೂರಕ್ಕೆ ಎಂಬತ್ತು ಸಲ ಮನೆ ಸೇರ್ತಾನೆ ಅಂದ್ರೆ ಅದು ಕಾಲಿನ ವೇಗ ಒಂದೇ ಅಲ್ಲ.

ಕಾರಣ ಕೈ. ಬರಿಗೈ. ಆಗಿನ್ನೂ ಗ್ಲೌಸ್ ಬಳಕೆಗೆ ಬಂದಿರಲಿಲ್ಲ. ಚೆಂಡು ಹಿಡಿಯೋರು ಬಿಡ್ತಿದ್ದರು, ಎಸೆದರೆ ದಾರಿ ತಪ್ಪುತ್ತಿತ್ತು. 1876ರಲ್ಲಿ ಒಂದು ತಂಡಕ್ಕೆ ಪಂದ್ಯಕ್ಕೆ ಸರಾಸರಿ 5.9 ರನ್, ಆದರೆ ಪಿಚರುಗಳ ಇಆರ್‌ಎ (ಫೀಲ್ಡರುಗಳ ತಪ್ಪಿಲ್ಲದೆ ಪಿಚರ್ ಪಂದ್ಯಕ್ಕೆ ಬಿಟ್ಟುಕೊಟ್ಟ ರನ್) 2.31. ಅಂದರೆ ಬಂದ ರನ್ನಿನಲ್ಲಿ ಅರ್ಧಕ್ಕಿಂತ ಹೆಚ್ಚು ಫೀಲ್ಡರುಗಳ ತಪ್ಪಿಂದ. ಬಾರ್ನ್ಸ್ ಎಷ್ಟೋ ಸಲ ತಪ್ಪಿಂದಲೇ ಬೇಸಿಗೆ ಬಂದಿರ್ತಾನೆ, ಅದು ಆ 158ರಲ್ಲಿ ಸೇರೋದೇ ಇಲ್ಲ. ಜೊತೆಗೆ ಶಿಕಾಗೋ ತಂಡ ಆ ವರ್ಷ 66 ಪಂದ್ಯದಲ್ಲಿ 624 ರನ್ ಹೊಡೆದ ತಂಡ.

ಅಂಕಿ_ಪ್ರೇಮಿ

ಫೇರ್-ಫೌಲ್ ಹೊಡೆತದ ಬಗ್ಗೆಯೂ ಹೇಳಬೇಕು, ಅದಿಲ್ಲದೆ ಬಾರ್ನ್ಸ್ ಕಥೆ ಪೂರ್ತಿ ಆಗಲ್ಲ.

ಆಗಿನ ನಿಯಮದಲ್ಲಿ ಚೆಂಡು ಮೊದಲು ಗೆರೆಯೊಳಗೆ ನೆಲ ಮುಟ್ಟಿದರೆ ಸಾಕು, ಆಮೇಲೆ ಎತ್ತ ಹೋದರೂ ಅದು ಸರಿಯಾದ ಹೊಡೆತವೇ. ಬಾರ್ನ್ಸ್ ಬ್ಯಾಟನ್ನ ಮೇಲಿಂದ ಕೆಳಕ್ಕೆ ಕೊಚ್ಚಿದ ಹಾಗೆ ಬೀಸ್ತಿದ್ದ. ಚೆಂಡು ಪ್ಲೇಟಿನ ಮುಂದೆ ಒಂದಡಿಯಲ್ಲಿ ನೆಲಕ್ಕೆ ಬಡಿದು, ಗಿರಗಿರ ತಿರುಗುತ್ತಾ ಮೂರನೇ ಬೇಸಿನ ಗೆರೆ ದಾಟಿ ಹೊರಗೆ ಹುಲ್ಲಿಗೆ ಓಡುತ್ತಿತ್ತು. ಫೀಲ್ಡರ್ ಅದರ ಹಿಂದೆ ಬಿದ್ದು ಹಿಡಿದು ತಿರುಗೋ ಹೊತ್ತಿಗೆ ಇವನು ಬೇಸಲ್ಲಿ. ಎದುರಾಳಿ ಮೂರನೇ ಬೇಸಿನವನನ್ನ ಗೆರೆಯ ಹೊರಗೆ ನಿಲ್ಲಿಸಿದರೆ, ಒಳಗಡೆ ಖಾಲಿಯಾದ ಜಾಗಕ್ಕೆ ನೇರ ಹೊಡೀತಿದ್ದ.

1877ಕ್ಕೆ ಆ ನಿಯಮ ತೆಗೆದರು. ಅದೇ ವರ್ಷ ಬಾರ್ನ್ಸ್ ಬಿದ್ದ: 22 ಪಂದ್ಯ, .272. ನಿಯಮ ಬದಲಾಗಿದ್ದಕ್ಕೇ ಅವನ ಕಥೆ ಮುಗೀತು ಅಂತ ಬಹಳ ಜನ ಬರೀತಾರೆ. ನನಗೆ ಅದು ಅನ್ಯಾಯ ಅನ್ನಿಸುತ್ತೆ. ಆ ವರ್ಷ ಅವನಿಗೆ ಬಿಟ್ಟೂ ಬಿಟ್ಟೂ ಬರೋ ಚಳಿಜ್ವರ ಹಿಡಿದಿತ್ತು, ಅದಕ್ಕೇ ಅಷ್ಟು ಕಡಿಮೆ ಪಂದ್ಯ. ಆಡದ ದಿನಗಳ ಸಂಬಳಕ್ಕಾಗಿ ಕ್ಲಬ್ಬಿನ ಮೇಲೆ ಕೋರ್ಟಿಗೆ ಹೋಗಿ ಸೋತ. ಶಕ್ತಿ ತಿರುಗಿ ಬರಲೇ ಇಲ್ಲ. 1879, 1881ರಲ್ಲಿ ಮತ್ತೆ ಆಡಿದ, ಒಟ್ಟು 9 ಸೀಸನ್. ಹಾಲ್ ಆಫ್ ಫೇಮಿಗೆ (ಬೇಸ್‌ಬಾಲಿನ ಮಹಾನ್ ಆಟಗಾರರ ಗೌರವ ಪಟ್ಟಿ) 10 ಬೇಕು. ಒಂದೇ ಒಂದು ವರ್ಷ.

499 ಪಂದ್ಯ, 698 ರನ್.

ಮಲೆನಾಡಿನ_ಮಳೆ

"ಒಂದೇ ಒಂದು ವರ್ಷ" ಓದಿ ಹೊಟ್ಟೆ ಉರೀತು.

ಜಯನಗರ_ಎಡಗೈ

ಫೇರ್-ಫೌಲ್ ನಮ್ಮ ಲೇಟ್ ಕಟ್ ಇದ್ದ ಹಾಗೆ. ಕ್ರಿಕೆಟಿನಲ್ಲಿ ಹಿಂದೆ ಹೊಡೆದರೂ ರನ್ನು, ವಿಶ್ವನಾಥ್ ಅದರಿಂದಲೇ ಮನಸ್ಸು ಗೆದ್ದವರು. ಅಲ್ಲಿ ಅದೇ ಕಲೆಗೆ ಬಾಗಿಲು ಹಾಕಿಬಿಟ್ಟರು.

ಮೇಷ್ಟ್ರ ನೂರಕ್ಕೆ ಎಂಬತ್ತು ನೋಡಿದ ಮೇಲೆ ನನ್ನ ವಾದ ಸ್ವಲ್ಪ ಸಡಿಲ ಮಾಡ್ತೀನಿ. ಆದರೆ ಆ ತಪ್ಪುಗಳ ಕಾಲದಲ್ಲಿ ಎಲ್ಲರೂ ಆಡಿದರು. ಬಾರ್ನ್ಸ್ ಮಾತ್ರ ನಾಲ್ಕು ಸಲ ಮೊದಲಿಗನಾದ.

ಸಿನ್ಸಿನಾಟಿ_ಸೊಸೆ

ಬರಿಗೈ ವಿಚಾರ ಬಂತಲ್ಲ, 1870ರಲ್ಲಿ ನಮ್ಮ ರೆಡ್ ಸ್ಟಾಕಿಂಗ್ಸ್ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ) ಡಗ್ ಆಲಿಸನ್ ಗಾಯವಾದ ಕೈಗೆ ಚರ್ಮದ ಗವಸು ಹಾಕ್ಕೊಂಡಿದ್ದ. ಅದನ್ನೇ ಮೊದಲ ಗ್ಲೌಸ್ ಅಂತಾರೆ. ಆಮೇಲೂ ಎಷ್ಟೋ ವರ್ಷ ಗ್ಲೌಸ್ ಹಾಕೋದು ನಾಚಿಕೆ ಅಂದುಕೊಂಡಿದ್ದರಂತೆ.

ಹುಬ್ಬಳ್ಳಿ_ಹೈದ

ಓಡಿ ಮನಿ ಸೇರೂದಂದ್ರ ಅಂಪೈರ್ ನೋಡ್ತಿರಬೇಕಲ್ರಿ. ಆಗ ಎಷ್ಟ್ ಅಂಪೈರ್ ಇದ್ರು?

ಕರಾವಳಿ_ಕೀಪರ್

ಒಬ್ಬನೇ! ಅಲ್ಲಿಯೇ ಕಿಂಗ್ ಕೆಲ್ಲಿಯ ಕಥೆ ಬರುವುದು. ಶಿಕಾಗೋ ತಂಡದವ, 1884ರಲ್ಲಿ 120, 1885ರಲ್ಲಿ 124, 1886ರಲ್ಲಿ 118 ಪಂದ್ಯಕ್ಕೆ 155, ಮೂರು ವರ್ಷವೂ ಲೀಗಿಗೆ ಮೊದಲಿಗ. ಅಂಪೈರ್ ಔಟ್‌ಫೀಲ್ಡಿನಲ್ಲಿ ಚೆಂಡು ಎಲ್ಲಿ ಬಿತ್ತು ಎಂದು ಅತ್ತ ತಿರುಗಿದ ಕ್ಷಣ, ಇವ ಎರಡನೇ ಬೇಸ್ ಮುಟ್ಟದೆ ಮೈದಾನದ ನಡುವಿನಿಂದಲೇ ಅಡ್ಡ ಹಾಯ್ದು ಮೂರನೇದಕ್ಕೆ ಓಡುವುದು. ಆದರೆ ಮೋಸದಿಂದಲೇ 155 ಬರಲಿಲ್ಲ, ಆ ವರ್ಷ ಅವನ ಸರಾಸರಿ .388. ಮರುವರ್ಷ ಬೋಸ್ಟನ್ ಅವನನ್ನು 10,000 ಡಾಲರಿಗೆ ಕೊಂಡುಕೊಂಡಿತು. ಆ ಕಾಲಕ್ಕೆ ಅಷ್ಟು ಹಣ ಎಂದರೆ ಊಹಿಸಿ.

ಅದೇ 1886ರಲ್ಲಿ ಇನ್ನೊಂದು. ಆಗಸ್ಟ್ 15, ಲೂಯಿವಿಲ್ ತಂಡದ ಗೈ ಹೆಕ್ಕರ್ ಒಂದೇ ಪಂದ್ಯದಲ್ಲಿ 7 ರನ್. ಅವ ಪಿಚರ್ ಮಾರಾಯ್ರೆ! ಇವತ್ತಿನವರೆಗೆ ಯಾರೂ ಮುಟ್ಟಿಲ್ಲ.

ಮಲೆನಾಡಿನ_ಮಳೆ

ನಾನು ಕ್ರೀಡೆಯ ಅಂಕಿ ಗೊತ್ತಿರೋಳಲ್ಲ, ಇತಿಹಾಸ ಓದೋಳು. ಇಷ್ಟೆಲ್ಲ ಹೆಸರುಗಳಲ್ಲಿ ಒಬ್ಬ ಕಪ್ಪು ಆಟಗಾರನೂ ಇಲ್ಲವಲ್ಲ. ಇರಲಿಲ್ಲವೋ, ಬಿಡಲಿಲ್ಲವೋ?

ಅಂಕಿ_ಪ್ರೇಮಿ

ಬಿಡಲಿಲ್ಲ. ಕೇಳಿದ್ದು ಒಳ್ಳೇದಾಯ್ತು, ಇದನ್ನ ಬಿಟ್ಟು 19ನೇ ಶತಮಾನದ ದಾಖಲೆ ಮಾತಾಡೋದು ಸರಿಯಲ್ಲ.

ಮೋಸಸ್ ಫ್ಲೀಟ್‌ವುಡ್ ವಾಕರ್, ಕ್ಯಾಚರ್. 1884ರಲ್ಲಿ ಟೊಲೀಡೋ ತಂಡಕ್ಕೆ 42 ಪಂದ್ಯ, .263, 23 ರನ್. ಬರಿಗೈಯಲ್ಲಿ ಕ್ಯಾಚರ್ ಕೆಲಸ. ಅವನದೇ ತಂಡದ ಪಿಚರ್ ಟೋನಿ ಮುಲ್ಲೇನ್ ಅವನ ಸನ್ನೆಗಳನ್ನ ಬೇಕಂತಲೇ ಕಡೆಗಣಿಸುತ್ತಿದ್ದ, ಅದನ್ನ ಆಮೇಲೆ ತಾನೇ ಒಪ್ಪಿಕೊಂಡ. ಯಾವ ಚೆಂಡು ಬರುತ್ತೆ ಅಂತ ಗೊತ್ತಿಲ್ಲದೆ ಬರಿಗೈ ಒಡ್ಡಿ ಕೂರೋದು ಅಂದ್ರೆ ಏನು ಅಂತ ಯೋಚಿಸಿ. 1883ರಲ್ಲಿ ಶಿಕಾಗೋ ನಾಯಕ ಕ್ಯಾಪ್ ಆನ್ಸನ್ ಟೊಲೀಡೋಗೆ ಬಂದಾಗ ವಾಕರ್ ಇದ್ದರೆ ಆಡಲ್ಲ ಅಂತ ಹಠ ಹಿಡಿದಿದ್ದ. ರನ್ ಪಟ್ಟಿಯ ಮೇಲ್ತುದಿಯಲ್ಲಿ ಇರೋ ಆನ್ಸನ್ನೇ ಅವನು. 1887ರ ಹೊತ್ತಿಗೆ ಬಾಗಿಲು ಮುಚ್ಚುತ್ತಾ ಬಂತು, 1947ರಲ್ಲಿ ಜಾಕಿ ರಾಬಿನ್ಸನ್ ಬರೋವರೆಗೂ ತೆರೆಯಲಿಲ್ಲ.

ಇನ್ನೊಬ್ಬ ವಿಲಿಯಂ ಎಡ್ವರ್ಡ್ ವೈಟ್. ತಾಯಿ ಗುಲಾಮಳಾಗಿದ್ದವಳು, ತಂದೆ ಬಿಳಿಯ ಜಮೀನ್ದಾರ. 1879ರ ಜೂನ್ 21ರಂದು ಪ್ರಾವಿಡೆನ್ಸ್ ತಂಡಕ್ಕೆ ಒಂದೇ ಒಂದು ಪಂದ್ಯ ಆಡಿದ. ಒಂದು ಹಿಟ್, ಒಂದು ರನ್. ಅವನ ಹುಟ್ಟಿನ ವಿವರ ಸಂಶೋಧಕರಿಗೆ ಸಿಕ್ಕಿದ್ದು ನೂರಿಪ್ಪತ್ತು ವರ್ಷ ಕಳೆದ ಮೇಲೆ.

ಮಲೆನಾಡಿನ_ಮಳೆ

ಧನ್ಯವಾದ. ಆ ಒಂದು ರನ್ ನನಗೆ 198ಕ್ಕಿಂತ ಹೆಚ್ಚು ನೆನಪಿರುತ್ತೆ.

ಲೆಕ್ಕದ_ಮೇಷ್ಟ್ರು

ಅದನ್ನ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಈ ಹಳೆಯ ಅಂಕಿಗಳ ಪಕ್ಕ ಬರೆಯದೆ ಹೋದ ಅಂಕಿಗಳೂ ಇವೆ ಅನ್ನೋದನ್ನ ನಾನೂ ಮರೆತಿದ್ದೆ.

ನನ್ನ ಕಡೆಯಿಂದ ಇನ್ನೊಂದೇ ವಿಷಯ. ಇಡೀ ವೃತ್ತಿಜೀವನದಲ್ಲಿ ಆಡಿದ ಪಂದ್ಯಕ್ಕಿಂತ ಹೆಚ್ಚು ರನ್ ಗಳಿಸೋದು ಎಷ್ಟು ಅಪರೂಪ ಅಂದ್ರೆ, ದೀರ್ಘಕಾಲ ಆಡಿದವರಲ್ಲಿ ಮೂವರ ಹೆಸರು ಹೇಳ್ತಾರೆ. ಹ್ಯಾಮಿಲ್ಟನ್ 1594 ಪಂದ್ಯಕ್ಕೆ 1697. ಹ್ಯಾರಿ ಸ್ಟೋವಿ 1486ಕ್ಕೆ 1492. ಜಾರ್ಜ್ ಗೋರ್ 1310ಕ್ಕೆ 1327. ಹ್ಯಾಮಿಲ್ಟನ್ 1961ರಲ್ಲಿ ಹಾಲ್ ಆಫ್ ಫೇಮ್ ಸೇರಿದ, ತೀರಿಕೊಂಡು 20 ವರ್ಷ ದಾಟಿದ ಮೇಲೆ. ಉಳಿದಿಬ್ಬರೂ ಒಳಗಿಲ್ಲ. ಒಟ್ಟು ರನ್ನಿನಲ್ಲಿ ಎಲ್ಲರಿಗೂ ಮೇಲಿರುವ ರಿಕಿ ಹೆಂಡರ್ಸನ್ 2295 ಗಳಿಸಿದ್ದು 3000 ಪಂದ್ಯ ದಾಟಿ ಆಡಿ. 1985ರಲ್ಲಿ ಆತ 143 ಪಂದ್ಯಕ್ಕೆ 146 ಮಾಡಿದ್ದೇ ದೊಡ್ಡ ಸುದ್ದಿ.

ಹುಬ್ಬಳ್ಳಿ_ಹೈದ

ನನ್ ಮಾತು ಸ್ವಲ್ಪ ಬದ್ಲಿ ಮಾಡ್ತೀನ್ರಿ. ಒಂದ್ ವರ್ಷಾ ಹಿಂದ ಆಡವ್ರ ದಯಾ ಅನ್ನಬಹುದು. 1891, 94, 95, 97, ನಾಕ್ ಸಲ ಹ್ಯಾಮಿಲ್ಟನ್ ಲೀಗಿಗೆ ಮೊದಲ್ನೇದವ ಅಂತ ಈಗಷ್ಟ ನೋಡ್ದೆ. ಕಡೀದು ಬೋಸ್ಟನ್‌ಗೆ ಹೋದ್ ಮ್ಯಾಲ. ಡೆಲಹಾಂಟಿ ಅಲ್ಲಿ ಇರ್ಲಿಲ್ಲ. ಹಂಗಾರ ಮನಿ ಸೇರೂದು ಇವನ ವಿದ್ಯಾನ ಖರೆ.

ಜಯನಗರ_ಎಡಗೈ

ಹುಬ್ಬಳ್ಳಿಯವರು ಸೋಲೊಪ್ಪಿದ್ದು ಈ ವೇದಿಕೆಯಲ್ಲಿ ಇದೇ ಮೊದಲು. ನಾನು ಮಾತ್ರ ಬಾರ್ನ್ಸ್ ಬಿಟ್ಟುಕೊಡಲ್ಲ.

ಪೆನ್ಸಿಲ್_ಸ್ಕೋರರ್

ಒಂದು ವಾರ ಬರೋಕಾಗಲಿಲ್ಲ, ಕ್ಷಮಿಸಿ. ಶನಿವಾರ ಒಂದು ಕೆಲಸ ಮಾಡಿದೆ. ಮಾಮೂಲಿ ಪುಸ್ತಕದ ಜೊತೆಗೆ ಬೇರೊಂದು ಹಾಳೆಯಲ್ಲಿ ಚಾಡ್ವಿಕ್ ಕಾಲದ ಹಾಗೆ ಎರಡೇ ಕಲಂ ಗೀಚಿಕೊಂಡು ಕೂತೆ. ಔಟು, ರನ್ನು.

ನಮ್ಮ ಟೀಮಲ್ಲಿ ಒಂಬತ್ತನೇ ನಂಬರಿಗೆ ಒಂದು ಪುಟ್ಟ ಹುಡುಗಿ ಬರ್ತಾಳೆ. ಹೆಲ್ಮೆಟ್ ಕಣ್ಣಿನ ಮೇಲೆ ಜಾರ್ತಾ ಇರುತ್ತೆ, ಈ ವರ್ಷ ಒಂದೂ ಹಿಟ್ ಹೊಡೆದಿಲ್ಲ. ಬ್ಯಾಟು ಭುಜದ ಮೇಲಿಟ್ಟು ಒಂದೊಂದು ಚೆಂಡನ್ನೂ ನೋಡ್ತಾ ನಿಲ್ತಾಳೆ, ಹೊರಗೆ ಹೋಗೋದನ್ನ ಮುಟ್ಟಲ್ಲ. ಶನಿವಾರ ಮೂರು ಸಲ ಬ್ಯಾಟ್ ಹಿಡಿದಳು, ಮೂರೂ ವಾಕ್. ಮೂರು ಸಲವೂ ಸುತ್ತು ಮುಗಿಸಿ ಬಂದಳು, ಕೊನೇ ಸಲ ಮಣ್ಣಲ್ಲಿ ಜಾರಿಕೊಂಡು. ಮೊಬೈಲ್ ಆಪಲ್ಲಿ ಅವಳ ಬ್ಯಾಟಿಂಗ್ ಸರಾಸರಿ ಈಗಲೂ .000 ತೋರಿಸ್ತಿದೆ. ನನ್ನ ಹಾಳೆಯಲ್ಲಿ ಅವಳ ಹೆಸರಿನ ಮುಂದೆ ಔಟು 0, ರನ್ 3. ಆ ದಿನ ಎರಡೂ ಟೀಮು ಸೇರಿ ಅಷ್ಟು ರನ್ ಮಾಡಿದವರು ಇನ್ಯಾರೂ ಇಲ್ಲ.

ಹಾಳೆ ಹರಿದು ಅವಳಿಗೇ ಕೊಟ್ಟೆ. ಮಡಿಚಿ ಹೆಲ್ಮೆಟ್ ಒಳಗೆ ಇಟ್ಟುಕೊಂಡಳು.

ಅಂಕಿ_ಪ್ರೇಮಿ

ಕೋಚ್ ಹತ್ತಿರ ಮಾತಾಡಿ ಸಾರ್. ಆ ಮಗೂನ ಮುಂದಿನ ವಾರ ಒಂದನೇ ನಂಬರಿಗೆ ಕಳಿಸಲಿ.

ಪೆನ್ಸಿಲ್_ಸ್ಕೋರರ್

ಮಾತಾಡಿ ಆಯ್ತು. ಬರೋ ಶನಿವಾರ ಬೆಳಿಗ್ಗೆ 9ಕ್ಕೆ ಪಂದ್ಯ, ಮೊದಲ ಬ್ಯಾಟು ಅವಳದೇ.